ನಮ್ಮವ್ವನ ಕಾಗದ ಯಾರು ಬರೆದರು?

ಪತ್ರಗಳಲ್ಲೇ ಸಾಗೋ ಕಾದಂಬರಿ ಓದಿದರೆ ಯಾರದೋ ಗುಟ್ಟು ಕದ್ದು ಓದಿದಂಗೆ ಖುಷಿ ಅಂತಾರೆ ಸಾಹಿತ್ಯದ ಮಂದಿ. ನನ್ನನ್ನು ಹಿಡಿಯೋದು ಬೇರೆ: ಅಲ್ಲಿ ಮೇಲೆ ಕೂತು ಕಥೆ ಹೇಳೋ ಯಜಮಾನ ಇಲ್ಲ, ನೊಂದವರೇ 'ನಾನು' ಅಂತಾರೆ. ಆಲಿಸ್ ವಾಕರ್ ಅವರ 'ದಿ ಕಲರ್ ಪರ್ಪಲ್' (1982) ನೋಡಿ. ಕಪ್ಪು ಹುಡುಗಿ ಸೀಲಿ ತನ್ನ ಮನೆಮಾತಲ್ಲೇ ದೇವರಿಗೆ ಕಾಗದ ಬರೀತಾಳೆ. ಆ 'ಒರಟು' ಇಂಗ್ಲಿಷಿಗೇ 1983ರಲ್ಲಿ ಪುಲಿಟ್ಜರ್ ಬಂತು.

ನಮ್ಮಲ್ಲಿ? ರಾಜಾಜಿನಗರದ ಪಕ್ಕದ ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರು 'ಊರುಕೇರಿ' ಬರೆದು ಕೇರಿಗೆ 'ನಾನು' ಕೊಟ್ಟರು. ಆದರೆ ಅಕ್ಷರ ಸಿಗದ ನಮ್ಮ ಅವ್ವಂದಿರ ಹೆಸರಲ್ಲಿ ಉಳಿದಿರೋದು ಇನ್ನೊಬ್ಬರ ಕೈಲಿ ಬರೆಸಿದ ಅರ್ಜಿ, ಕೆಳಗೆ ಹೆಬ್ಬೆಟ್ಟು.

ಅಕ್ಕತಂಗಿಯರೇ, ಅರ್ಜಿ ಸಾಕು. ನಿಮ್ಮ ಕನ್ನಡದಲ್ಲೇ ಕಾಗದ ಬರೀರಿ. ತಿದ್ದೋಕೆ ಬಂದೋರು ಮೊದಲು ಓದೋದು ಕಲೀಲಿ. ಜೈ ಭೀಮ್.