ಸಂತೆಗೊಂದು ತಕ್ಕಡಿ ಬೇಕು
ಹಳಿಯಾಳದ ಕಾಡಂಚಿನ ಸಣ್ಣ ಹಿಡುವಳಿದಾರನಿಗೆ ಆಡೆಂದರೆ ಆಪತ್ತಿಗೊದಗುವ ಗಂಟು. ಭತ್ತ, ಮೆಕ್ಕೆಜೋಳ ಕೈಕೊಟ್ಟ ವರ್ಷ ಆಸ್ಪತ್ರೆಯ ವೆಚ್ಚ ಎದುರಾದರೆ ಒಂದೆರಡು ಆಡುಗಳು ಸಂತೆಗೆ ಹೊರಡುತ್ತವೆ. ಚಿರತೆಯಿಂದಲೂ ರೋಗರುಜಿನದಿಂದಲೂ ಉಳಿಸಿಕೊಂಡು ಬಂದ ಆ ಜೀವಕ್ಕೆ ನಮ್ಮ ಸಂತೆಗಳಲ್ಲಿ ಸಾಮಾನ್ಯವಾಗಿ ಬೆಲೆ ಕಟ್ಟುವುದು ದಲ್ಲಾಳಿಯ ಕಣ್ಣು, ಬೆನ್ನು ಒತ್ತಿ ನೋಡುವ ಅವನ ಕೈ. ಅದೇ ಮಾಂಸ ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತದೆ! 25 ಕಿಲೋ ತೂಗುವ ಆಡಿನಿಂದ ಸುಮಾರು 12 ಕಿಲೋ ಮಾಂಸ ಸಿಗುತ್ತದೆ. ಅಂದಾಜು ನಾಲ್ಕು ಕಿಲೋ ತಪ್ಪಿದರೆ ಸಾಕಿದವನಿಗೆ ಎರಡು ಕಿಲೋ ಮಾಂಸದ ಬೆಲೆಯೇ ಖೋತಾ. ಮೆಕ್ಕೆಜೋಳಕ್ಕೆ ಎಪಿಎಂಸಿಯಲ್ಲಿ ತೂಕವುಂಟು. ಸಂತೆಕರ ವಸೂಲು ಮಾಡುವ ಸ್ಥಳೀಯ ಸಂಸ್ಥೆಗಳು ಆಡಿಗೊಂದು ತಕ್ಕಡಿ ಇಡಲಾರವೇ? ದಲ್ಲಾಳಿಗಳು ಸುಲಭವಾಗಿ ಒಪ್ಪಲಿಕ್ಕಿಲ್ಲ. ತಳಿಗಾಗಿ ಕೊಳ್ಳುವ ಆಡಿಗೆ ತೂಕವೊಂದೇ ಅಳತೆಯಲ್ಲ ಎಂಬುದೂ ನಿಜ. ಮಾಂಸಕ್ಕೆ ಹೋಗುವುದನ್ನಾದರೂ ಮೊದಲು ತೂಗಲಿ, ಚೌಕಾಸಿ ಆಮೇಲೆ ನಡೆಯಲಿ.