ಪ್ರವಾಸದಲ್ಲಿ ಹೆಣ್ಣುಮಕ್ಕಳ ಪಾಲು

ಮಕ್ಕಳೊಡನೆ ಊರು ನೋಡಲು ಹೋಗುವದು ವಿನೋದವಷ್ಟೇ ಅಲ್ಲ, ಅದೂ ಒಂದು ವಿದ್ಯಾಭ್ಯಾಸವೆಂಬದನ್ನು ಎಲ್ಲರೂ ಒಪ್ಪುವರು. ಆದರೆ ಈ ವಿದ್ಯೆಯು ಮನೆಯ ಎಲ್ಲ ಮಕ್ಕಳಿಗೂ ಸಮನಾಗಿ ದೊರೆಯುತ್ತಿದೆಯೇ ಎಂದು ನಾವು ಕೇಳಬೇಕಾಗಿದೆ.

ವಿಜಯಪುರದ ಗೋಳಗುಮ್ಮಟವನ್ನೇ ನೋಡೋಣ. 1656ರಲ್ಲಿ ಮುಗಿದ ಈ ಕಟ್ಟಡವು ಮಹಮ್ಮದ ಆದಿಲಶಹನ ಸಮಾಧಿ. ಗುಮ್ಮಟದ ಹೊರವ್ಯಾಸವು ಸುಮಾರು 44 ಮೀಟರು. ಒಳಗೆ ಅದಕ್ಕೆ ಆಧಾರವಾಗಿ ಒಂದು ಕಂಬವೂ ಇಲ್ಲ. ಮೂಲೆಯ ಏಳಂತಸ್ತಿನ ಗೋಪುರದ ಮೆಟ್ಟಿಲುಗಳನ್ನು ಏರಿದರೆ ಗುಮ್ಮಟದ ಬುಡದ ದುಂಡು ಮೊಗಸಾಲೆಯನ್ನು ಸೇರಬಹುದು.

ಇಂಥಲ್ಲಿ ನಾವು ಕಾಣುವದೇನು? ಗಂಡುಮಕ್ಕಳು ಕೇಕೆ ಹಾಕುತ್ತ ಮೇಲೇರುವರು. ಹಿರಿಯ ಮಗಳು ಕೆಳಗೆ ಬುತ್ತಿಯ ಗಂಟನ್ನೂ ಕಂಕುಳ ಕೂಸನ್ನೂ ಕಾಯುತ್ತ ಕೂತಿರುವಳು. ನಸುಕಿನಲ್ಲೆದ್ದು ತಾಯಿಯೊಡನೆ ರೊಟ್ಟಿ ಬಡಿದವಳೂ ಅವಳೇ. ಮೆಟ್ಟಿಲು ಬಹಳ ಕಡಿದು, ಹುಡುಗಿಗೇಕೆ ಆಯಾಸ ಎನ್ನುವವರುಂಟು. ಕೂಸನ್ನೆತ್ತಿ ದಿನವಿಡೀ ತಿರುಗುವವಳಿಗೆ ಮೆಟ್ಟಿಲಿನ ಭಯವೇ?

ಬುತ್ತಿಯನ್ನು ಎಲ್ಲರೂ ಸರದಿಯಿಂದ ಕಾಯಲಿ, ಕೂಸನ್ನು ಒಂದು ತಾಸು ತಂದೆಯೇ ನೋಡಿಕೊಳ್ಳಲಿ ಎಂಬದು ನಮ್ಮ ಮತ. ಆ ಮೊಗಸಾಲೆಯಲ್ಲಿ ಒಬ್ಬರು ಗೋಡೆಯ ಬಳಿ ಪಿಸುಗುಟ್ಟಿದರೆ, ಶಬ್ದವು ದುಂಡುಗೋಡೆಯನ್ನು ಅನುಸರಿಸಿ ಸಾಗಿ, ಎದುರು ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುವದು. ಈ ಪರೀಕ್ಷೆಗೆ ಇಬ್ಬರು ಬೇಕು. ತಮ್ಮನು ನುಡಿದು ಅಕ್ಕನು ಕಿವಿಗೊಟ್ಟರೆ ಶಾಲೆಯಲ್ಲಿ ಓದಿದ ಪಾಠವು ಇಬ್ಬರಿಗೂ ಮನವರಿಕೆಯಾಗುವದು. ಅಕ್ಕನು ಕೆಳಗುಳಿದರೆ ಇಬ್ಬರಿಗೂ ನಷ್ಟ.

ನಮ್ಮ ಹಳೆಯ ವಿದ್ಯಾರ್ಥಿನಿಯರಾದ ತಾಯಂದಿರೇ, ಮುಂದಿನ ರಜೆಯಲ್ಲಿ ಹೊರಡುವ ಮುಂಚೆಯೇ ಸರದಿಯನ್ನು ಗೊತ್ತುಮಾಡಿರಿ. ಮಗಳನ್ನು ಮೇಲಕ್ಕೆ ಕರೆದೊಯ್ಯಿರಿ, ನೀವೂ ಏರಿರಿ.