ಕಲ್ಸಂಕ: ಒಂದು ಊರಿನ ಕುತ್ತಿಗೆ

ಸಂಜೆ ಆರೂಕಾಲು. ಮಣಿಪಾಲದಿಂದ ಹೊರಟ ಸಿಟಿ ಬಸ್ಸು ಕಡಿಯಾಳಿ ದಾಟಿ ನಿಂತಿತು ಎಂದರೆ ನಿಂತಿತು. ಕಂಡಕ್ಟರು ಮಾತ್ರ "ದುಂಬು ಪೋಲೆ, ದುಂಬು ಪೋಲೆ" ಎಂದು ಕೂಗುತ್ತಲೇ ಇದ್ದಾನೆ. ಬಸ್ಸೇ ಮುಂದೆ ಹೋಗುತ್ತಿಲ್ಲ, ಒಳಗಿದ್ದ ಜನ ಮುಂದೆ ಎಲ್ಲಿಗೆ ಹೋಗುವುದು ಮಾರಾಯ್ರೆ? ಸರ್ವಿಸ್ ಬಸ್‌ಸ್ಟ್ಯಾಂಡು ನಡೆದರೆ ಹತ್ತು ನಿಮಿಷದ ದಾರಿ. ಗಟ್ಟಿಗರು ಇಳಿದು ನಡೆಯುತ್ತಾರೆ. ಕೈಯಲ್ಲಿ ಚೀಲ, ಸೊಂಟದಲ್ಲಿ ಮಗು ಇದ್ದವರು ಕೂತೇ ಇರುತ್ತಾರೆ. ಮುಂದಿರುವುದು ಕಲ್ಸಂಕ.

ಉಡುಪಿ ದೊಡ್ಡ ಶಹರವೋ ಸಣ್ಣ ಪೇಟೆಯೋ ಎಂಬ ಚರ್ಚೆ ಹಳತು. ಮಂಗಳೂರಿನವರು ನಗುತ್ತಾರೆ, ನಗಲಿ. 2011ರ ಜನಗಣತಿಯಲ್ಲಿ ನಮ್ಮ ನಗರಸಭೆಯ ಜನಸಂಖ್ಯೆ ಸುಮಾರು ಒಂದೂಕಾಲು ಲಕ್ಷ. ಆದರೆ ಹಗಲು ಹೊತ್ತಿನ ಉಡುಪಿಯ ಲೆಕ್ಕವೇ ಬೇರೆ. ಕಾಪುವಿನವರಿಗೆ ಜಿಲ್ಲಾಧಿಕಾರಿ ಕಚೇರಿಯ ಕೆಲಸ ಉಂಟು, ಅದು ಮಣಿಪಾಲದ ರಜತಾದ್ರಿಯಲ್ಲಿ. ಕಾರ್ಕಳದವರಿಗೆ ಉಡುಪಿಯಲ್ಲಿ ಕೋರ್ಟಿನ ವಾಯಿದೆ ಉಂಟು, ಜವುಳಿ ಅಂಗಡಿ ಉಂಟು, ಮದುವೆ ಹಾಲ್ ಉಂಟು. ಮಲ್ಪೆ ಮೀನಿಗೆ, ಬೀಚಿಗೆ ಹೋಗುವವರು, ಕೃಷ್ಣನ ದರ್ಶನಕ್ಕೆ ಬರುವವರು, ಮಣಿಪಾಲದಲ್ಲಿ ಓದುವ ನಾನಾ ದೇಶದ ಮಕ್ಕಳು, ಎಲ್ಲ ಒಂದೇ ಪೇಟೆಗೆ ಇಳಿಯುತ್ತಾರೆ. 1997ರ ಆಗಸ್ಟ್ 25ರಂದು ಜಿಲ್ಲೆಯಾದೆವು. ಜಿಲ್ಲೆ ದೊಡ್ಡದಾಯಿತು, ಕುತ್ತಿಗೆ ಹಳತೇ ಉಳಿಯಿತು.

ಬರುವವರನ್ನು ದೂರುವ ಹಾಗಿಲ್ಲ. ಈ ಊರಿನ ಸೊಗಸೇ ಅಂಥದ್ದು. ಬೆಳಗ್ಗೆ ರಥಬೀದಿಯಲ್ಲಿ ಒಂದು ಸುತ್ತು ಹಾಕಿ, ಬಿಸಿ ಬನ್ಸ್ ತಿಂದು ಕಾಫಿ ಕುಡಿದವನಿಗೆ ಬೇರೆ ಊರು ರುಚಿಸುವುದಿಲ್ಲ. ಶಂಕರಪುರ ಮಲ್ಲಿಗೆಯ ಅಟ್ಟೆ ಇವತ್ತು ಎಷ್ಟು ಎಂದು ಬಸ್ಸಿನಲ್ಲಿ ಪಕ್ಕದವರನ್ನು ಕೇಳಿದರೆ ಷೇರು ಪೇಟೆಯವರ ಹಾಗೆ ಹೇಳುತ್ತಾರೆ. ಮಟ್ಟುಗುಳ್ಳದ ಕಾಲದಲ್ಲಿ ತರಕಾರಿ ಅಂಗಡಿಯವರ ಮುಖ ನೋಡಬೇಕು. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ ಬಂತೆಂದರೆ ರಸ್ತೆಗೆ ಡಾಂಬರು, ಗೋಡೆಗೆ ಸುಣ್ಣ. ಹೊಂಡದ ರಸ್ತೆಯಲ್ಲಿ ಓಡಾಡುವವರು "ಪರ್ಯಾಯ ವರ್ಷಕ್ಕೊಂದು ಆದರೆ ಒಳ್ಳೆದಿತ್ತು" ಎನ್ನುವುದು ಬರಿಯ ತಮಾಷೆಯಲ್ಲ.

ಈಗ ಕಲ್ಸಂಕಕ್ಕೆ ಬರೋಣ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗುವ 169ಎ ರಾಷ್ಟ್ರೀಯ ಹೆದ್ದಾರಿ ಇಲ್ಲಿ ಹಾಯುತ್ತದೆ. ಗುಂಡಿಬೈಲು, ಅಂಬಾಗಿಲು ಕಡೆಯ ರಸ್ತೆ ಇಲ್ಲೇ ಸೇರುತ್ತದೆ. ಕೃಷ್ಣ ಮಠದ ಪಾರ್ಕಿಂಗಿನ ದಾರಿಯೂ ಇಲ್ಲಿಯೇ. ರಜೆಯ ದಿನ ಯಾತ್ರಿಕರ ಬಸ್ಸು ಆ ಬಾಯಿಯಿಂದ ಮೂತಿ ಹೊರಗೆ ಹಾಕಿತೋ, ಮೂರು ದಿಕ್ಕೂ ಬಂದ್. ಪೊಲೀಸಿನವ ಕೈಬೀಸಿ ಕೈಬೀಸಿ ಸೋಲುತ್ತಾನೆ.

ಬಸ್ಸು ತಡವಾದರೆ ಬೈದುಕೊಂಡು ಮನೆಗೆ ಹೋಗಬಹುದು. ಆದರೆ ಕಾಪು, ಪಡುಬಿದ್ರಿ, ಮಲ್ಪೆ ಕಡೆಯಿಂದ ಮಣಿಪಾಲದ ಆಸ್ಪತ್ರೆಗೆ ಹೊರಟ ಆಂಬುಲೆನ್ಸಿಗೂ ಸಲೀಸಾದ ದಾರಿ ಇದೇ. ಸೈರನ್ ಕೇಳುತ್ತದೆ, ದಾರಿ ಬಿಡಬೇಕೆಂದು ಎಲ್ಲರಿಗೂ ಮನಸ್ಸು ಉಂಟು, ಬಿಡಲು ಜಾಗ ಇಲ್ಲ.

ಅಂಗಡಿಯವರ ಕಷ್ಟ ಇನ್ನೊಂದು ತರ. ಗಿರಾಕಿ ಬರುವುದು ಸಂಜೆ ಏಳರ ಮೇಲೆ, ಕೌಂಟರಿನ ಹುಡುಗಿಯರಿಗೆ ಮನೆಗೆ ಹೋಗುವ ಅವಸರವೂ ಏಳರ ಮೇಲೆ. ಹಿರಿಯಡ್ಕ, ಬೈಲೂರು ಕಡೆಯವಳು ಸರ್ವಿಸ್ ಬಸ್ ತಪ್ಪಿಸಿಕೊಂಡರೆ ಮುಂದೇನು? ರಿಕ್ಷಾ ಮಾಡಿದರೆ ಆ ದಿನದ ಸಂಬಳ ಅದಕ್ಕೇ ಸರಿ. ಅದಕ್ಕೆ ಧಣಿಗಳು ಗೊಣಗಿಕೊಂಡೇ ಅವಳನ್ನು ಬೇಗ ಬಿಡುತ್ತಾರೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸು ಧರ್ಮಕ್ಕೆ. ನಮ್ಮ ಕಡೆ ಓಡುವುದು ಬಹುಪಾಲು ಖಾಸಗಿ ಬಸ್ಸು. ಕೊರೋನಾ ಕಾಲದಲ್ಲಿ ನಿಂತ ನರ್ಮ್ ಬಸ್ಸುಗಳು ಹಲವು ದಾರಿಗಳಿಗೆ ತಿರುಗಿ ಬರಲಿಲ್ಲ. ಬೆಂಗಳೂರಿನ ಅಕ್ಕನಿಗೆ ಪುಕ್ಕಟೆ, ಕಾರ್ಕಳದ ತಂಗಿಗೆ ಟಿಕೇಟು! ಖಾಸಗಿಯವರನ್ನು ಬೈದು ಪ್ರಯೋಜನವಿಲ್ಲ. ಸರಕಾರ ಈ ಕಡೆ ತಲೆ ಹಾಕದ ಕಾಲದಿಂದ ಹಳ್ಳಿ ಹಳ್ಳಿಗೆ ಬಸ್ಸು ಬಿಟ್ಟವರು ಅವರೇ. ಆದರೆ ರಾತ್ರಿ ಎಂಟೂವರೆಯ ಮೇಲೆ ಖಾಲಿ ಸೀಟು ಹೊತ್ತು ಓಡಲು ಯಾವ ಮಾಲಕನಿಗೂ ಇಷ್ಟವಿಲ್ಲ. ಆ ಹೊತ್ತಿಗೆ ಬರಬೇಕಾದ್ದು ಸರಕಾರಿ ಬಸ್ಸು.

ರಸ್ತೆ ಅಗಲ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ನನಗೆ ನಂಬಿಕೆ ಇಲ್ಲ. ಏಕೆಂದರೆ ಕಲ್ಸಂಕ ಬರಿಯ ರಸ್ತೆಯಲ್ಲ, ಹೆಸರೇ ಹೇಳುತ್ತದೆ. ಸಂಕ ಎಂದರೆ ಸಣ್ಣ ಸೇತುವೆ, ಇದು ಕಲ್ಲಿನ ಸಂಕ. ಅಡಿಯಲ್ಲಿ ಇಂದ್ರಾಣಿ ಹೊಳೆ. ಇಂದ್ರಾಳಿ ಕಡೆಯಿಂದ ಇಳಿದು ಇಲ್ಲಿ ಹಾದು, ಕೊಡವೂರು, ಕಲ್ಮಾಡಿ ಕಡೆಗೆ ಹೋಗಿ ಸಮುದ್ರ ಸೇರುತ್ತದೆ. ಸುತ್ತಲಿನ ಹೆಸರು ನೋಡಿ: ಗುಂಡಿಬೈಲು, ಬೈಲಕೆರೆ. ಬೈಲು ಎಂದರೆ ತಗ್ಗಿನ ಗದ್ದೆ. ಮಳೆಗಾಲದಲ್ಲಿ ನೀರು ಬಂದು ನಿಂತು ಹೋಗುವ ಜಾಗ ಎಂದು ಅಜ್ಜಂದಿರು ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ನಾವು ಅಲ್ಲಿ ಮಣ್ಣು ತುಂಬಿಸಿ ಸೈಟು ಮಾಡಿದೆವು, ಲೈಸೆನ್ಸೂ ಸಿಕ್ಕಿತು.

2020ರ ಸೆಪ್ಟೆಂಬರ್ 20, ಭಾನುವಾರ, ನೀರು ತನ್ನ ಹಳೆಯ ವಿಳಾಸ ಹುಡುಕಿಕೊಂಡು ಬಂತು. ಕಲ್ಸಂಕ, ಬೈಲಕೆರೆ, ಗುಂಡಿಬೈಲು, ಬನ್ನಂಜೆ ಎಲ್ಲ ಒಂದೇ ಹೊಳೆ. ಮಠದ ಪಾರ್ಕಿಂಗ್ ಕೆರೆಯಾಯಿತು. ಮನೆಯವರನ್ನು ದೋಣಿಯಲ್ಲಿ ದಾಟಿಸಬೇಕಾಯಿತು. ಅಂಗಡಿ ಬಾಗಿಲು ತೆಗೆದಾಗ ಕೆಳಗಿನ ಅಟ್ಟಳಿಗೆಯ ಮಾಲು ಪೂರಾ ಕೆಸರು. ನೀರು ಇಳಿಯಿತು, ಮಾತೂ ಇಳಿಯಿತು.

ಬೇಸಗೆಯಲ್ಲಿ ಇದೇ ಇಂದ್ರಾಣಿಯ ಪಕ್ಕ ಮೂಗು ಹಿಡಿದು ಹೋಗಬೇಕು. ಪೇಟೆಯ ಕೊಳಚೆ ಅದರಲ್ಲಿ ಇಳಿದು ಹೋಗಿ, ಕೆಳಗಿನ ಊರಿನವರ ಬಾವಿ ಕೆಡಿಸುತ್ತದೆ. ಪೇಟೆಯಲ್ಲಿ ಕುಡಿಯುವ ನೀರಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನೇ ನೋಡುವುದು, 2019ರ ಮೇ ತಿಂಗಳಲ್ಲಿ ಅದೂ ತಳ ಕಂಡಿತ್ತು. ಇಲ್ಲಿ ತೋಡಿನ ತುಂಬ ಹರಿಯುವುದು ಮುಟ್ಟಲಾಗದ ನೀರು.

ಇಂದ್ರಾಳಿ ರೈಲ್ವೆ ಸೇತುವೆಗೆ ವರ್ಷಗಟ್ಟಲೆ ಕಾದದ್ದು ಯಾರೂ ಮರೆತಿಲ್ಲ. ಕಲ್ಸಂಕದಲ್ಲಿ ಅಷ್ಟು ದೊಡ್ಡ ಕೆಲಸಕ್ಕೆ ಮುಂಚೆ ಆಗುವಂಥದ್ದು ಬೇಕಷ್ಟು ಉಂಟು. ರಜಾ ದಿನ ಯಾತ್ರಿಕರ ದೊಡ್ಡ ಬಸ್ಸುಗಳನ್ನು ಪೇಟೆಯ ಹೊರಗೇ ನಿಲ್ಲಿಸಿ ಜನರನ್ನು ಸಣ್ಣ ಬಸ್ಸಿನಲ್ಲಿ ತರಬಹುದು. ಸರ್ಕಲಿನ ಬಾಯಲ್ಲೇ ಬಸ್ಸು ನಿಲ್ಲಿಸಿ ಜನ ಹತ್ತಿಸುವುದನ್ನು ತಪ್ಪಿಸಬಹುದು. ರಾತ್ರಿ ಒಂಬತ್ತಕ್ಕೆ ಹಿರಿಯಡ್ಕ, ಕಾರ್ಕಳ ಕಡೆಗೊಂದು, ಕಾಪು ಕಡೆಗೊಂದು ಸರಕಾರಿ ಬಸ್ಸು ಬಿಡಬಹುದು. ಬೈಲಿನಲ್ಲಿ ಉಳಿದ ನಾಲ್ಕು ಗದ್ದೆಗೆ ಮಣ್ಣು ಬೀಳುವುದನ್ನು ನಗರಸಭೆ ನಿಲ್ಲಿಸಬಹುದು. ಸಂಕದ ಅಡಿಯ ಹೂಳನ್ನು ಜೂನ್ ತಿಂಗಳ ಮಳೆಯಲ್ಲಿ ನೆನೆಯುತ್ತಾ ಅಲ್ಲ, ಏಪ್ರಿಲ್ ತಿಂಗಳಲ್ಲೇ ತೆಗೆಸಬೇಕು. ತೆಗೆದ ಹೂಳನ್ನು ಅಲ್ಲೇ ದಂಡೆಯ ಮೇಲೆ ರಾಶಿ ಹಾಕಿ ಬಿಲ್ಲು ಮಾಡುವ ಪದ್ಧತಿಯೂ ಒಂದು ಉಂಟು. ಮೊದಲ ಮಳೆಗೆ ಅದು ಪುನಃ ತೋಡಿಗೇ ಇಳಿಯುತ್ತದೆ, ಮರುವರ್ಷ ಅದೇ ಹೂಳಿಗೆ ಇನ್ನೊಂದು ಬಿಲ್ಲು.